ಫಸ್ಟ್ ಏಡ್ ಕಿಟ್: ರೆಡಿಮೇಡ್ ಕೊಳ್ಳಬೇಕೋ, ನೀವೇ ಜೋಡಿಸಬೇಕೋ?

ಫಸ್ಟ್ ಏಡ್ ಕಿಟ್ ಕೊಳ್ಳೋಣ ಅಂತ ಹುಡುಕಲು ಕೂತವರಿಗೆ ಸ್ವಲ್ಪ ಹೊತ್ತಿನಲ್ಲೇ ತಲೆ ಕೆಡುತ್ತದೆ. ಒಂದರ ಮೇಲೆ 100 ವಸ್ತು ಅಂತ ಬರೆದಿರುತ್ತದೆ, ಪಕ್ಕದ್ದರ ಮೇಲೆ 300, ಬೆಲೆಯಲ್ಲಿ ಮಾತ್ರ ಅಂಥ ವ್ಯತ್ಯಾಸ ಇರುವುದಿಲ್ಲ. ಇನ್ನೊಂದು ನೋಡಲು ಚಿಕ್ಕದು, ಆದರೆ ಎರಡು ಪಟ್ಟು ದುಬಾರಿ. ಅಷ್ಟರಲ್ಲಿ ಯಾರೋ ಒಬ್ಬರು "ಅವೆಲ್ಲ ಯಾಕೆ, ಬೇಕಾದ್ದನ್ನು ಬಿಡಿಬಿಡಿಯಾಗಿ ತಂದು ಒಂದು ಡಬ್ಬಿಗೆ ಹಾಕಿಡಿ" ಅನ್ನುತ್ತಾರೆ. ಎಲ್ಲವೂ ಸರಿ ಅನ್ನಿಸುತ್ತದೆ, ಅಲ್ವಾ? ಅಲ್ಲಿಗೆ ಕೊಳ್ಳುವುದು ಮುಂದಕ್ಕೆ ಹೋಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಳಗೆ ಎಷ್ಟು ವಸ್ತು ಇದೆ ಅಂತ ಎಣಿಸಿ ಕಿಟ್ ಆರಿಸಬೇಡಿ, ಮುಂದೆ ಅದನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಯೋಚಿಸಿ ಆರಿಸಿ. ಕೊಂಡ ದಿನ ಎಲ್ಲ ಕಿಟ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ಎರಡು ವರ್ಷ ಕಳೆದು ತೆರೆದರೆ ಪ್ಲಾಸ್ಟರ್ ಖಾಲಿ, ಮಾತ್ರೆಯ ಅವಧಿ ಮುಗಿದಿದೆ, ಟೇಪ್ ಅಂಟುವುದೇ ಇಲ್ಲ, ಕತ್ತರಿಯನ್ನು ಯಾವುದೋ ಕೆಲಸಕ್ಕೆ ತೆಗೆದವರು ವಾಪಸ್ ಇಟ್ಟಿಲ್ಲ. ಹಾಗಾಗಿ ಇಲ್ಲಿ ಕೊಳ್ಳುವ ಮಾತು ಎಷ್ಟಿದೆಯೋ ಇಟ್ಟುಕೊಳ್ಳುವ ಮಾತೂ ಅಷ್ಟೇ ಇದೆ.

ಮೊದಲು ಇಷ್ಟು ಯೋಚಿಸಿ

ಕಿಟ್ ಯಾರಿಗೆ ಬೇಕಾಗುತ್ತದೆ? ಓಡಾಡುವ ಮಕ್ಕಳಿರುವ ಕಡೆ ತರಚು ಗಾಯ, ಜ್ವರ, ವಾಂತಿ-ಭೇದಿ ಜಾಸ್ತಿ. ವಯಸ್ಸಾದವರಿದ್ದರೆ ಜಾರಿ ಬೀಳುವ ಭಯ ಜಾಸ್ತಿ, ಅವರ ಚರ್ಮ ತೆಳುವಾಗಿರುವುದರಿಂದ ಗಟ್ಟಿ ಅಂಟಿನ ಪ್ಲಾಸ್ಟರ್ ಕೀಳುವಾಗ ಚರ್ಮವೇ ಕಿತ್ತು ಬರಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಸಣ್ಣ ಗಾಯದ ರಕ್ತ ನಿಲ್ಲಲೂ ಹೊತ್ತು ಹಿಡಿಯುತ್ತದೆ, ಅವರಿದ್ದರೆ ಗಾಜ್ ಪ್ಯಾಡ್‌ಗಳು, ಅಂದರೆ ಗಾಯದ ಮೇಲಿಡುವ ಜಾಳುಬಟ್ಟೆಯ ಮಡಿಕೆಗಳು, ಹೆಚ್ಚು ಬೇಕು. ಆಸ್ತಮಾದ ಇನ್‌ಹೇಲರ್, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಪ್ರಮಾಣ ಇಳಿದಾಗ ಕೊಡುವ ಗ್ಲೂಕೋಸ್, ತೀವ್ರ ಅಲರ್ಜಿ ಇರುವವರ ಅಡ್ರಿನಲಿನ್ ಇಂಜೆಕ್ಷನ್, ಇವು ಯಾವ ರೆಡಿಮೇಡ್ ಕಿಟ್‌ನಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ನೀವೇ ಸೇರಿಸಬೇಕು.

ಸಹಾಯ ಬರಲು ಎಷ್ಟು ಹೊತ್ತಾಗುತ್ತದೆ? ಆಸ್ಪತ್ರೆ ಹತ್ತಿರದಲ್ಲೇ ಇದ್ದರೆ ಕಿಟ್‌ನ ಕೆಲಸ ರಕ್ತ ಹಿಡಿದು ನಿಲ್ಲಿಸುವುದು, ಗಾಯ ಮುಚ್ಚುವುದು, ಅಷ್ಟೇ. ಗಂಟೆಗಟ್ಟಲೆ ದೂರದಲ್ಲಿದ್ದರೆ ಅದೇ ಗಾಯವನ್ನು ಅಷ್ಟು ಹೊತ್ತು ನೀವೇ ನೋಡಿಕೊಳ್ಳಬೇಕಾಗುತ್ತದೆ: ಪಟ್ಟಿ ಬದಲಾಯಿಸಬೇಕು, ಮುರಿದ ಕೈಯನ್ನು ಅಲುಗದ ಹಾಗೆ ಕಟ್ಟಬೇಕು, ಚಳಿಯಾಗದಂತೆ ಹೊದಿಸಬೇಕು. ಜಾನ್ಸನ್ ಆ್ಯಂಡ್ ಜಾನ್ಸನ್ ಕಂಪನಿ 1888ರಲ್ಲಿ ಮಾರಾಟಕ್ಕೆ ಇಟ್ಟ ಮೊದಲ ಫಸ್ಟ್ ಏಡ್ ಕಿಟ್‌ಗಳು ರೈಲು ಮಾರ್ಗದ ಕೆಲಸಗಾರರಿಗಾಗಿ ಮಾಡಿದವು. ವೈದ್ಯರಿಂದ ಬಲು ದೂರದಲ್ಲಿ ಕೆಲಸ ಮಾಡುವವರು ಅವರು. ದೂರ ಹೆಚ್ಚಿದಷ್ಟೂ ಕಿಟ್ ದೊಡ್ಡದಾಗಬೇಕು ಅನ್ನುವ ಲೆಕ್ಕ ಆಗಲೂ ಇತ್ತು, ಈಗಲೂ ಅದೇ.

ನಿಮಗೆ ಏನನ್ನು ಬಳಸಲು ಬರುತ್ತದೆ? ಇದನ್ನು ನಿಜವಾಗಿ ಕೇಳಿಕೊಳ್ಳಿ. ಟೂರ್ನಿಕೆಟ್ ಅನ್ನುವ ಬಿಗಿಪಟ್ಟಿ ಜೀವ ಉಳಿಸುತ್ತದೆ, ಆದರೆ ಕಲಿತವರ ಕೈಯಲ್ಲಿ. ಅದನ್ನು ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮೇಲೆ ಕಟ್ಟಬೇಕು, ಕೀಲಿನ ಮೇಲೆ ಕಟ್ಟಬಾರದು, ರಕ್ತ ನಿಲ್ಲುವ ತನಕ ತಿರುಚಬೇಕು, ಕಟ್ಟಿದ ಸಮಯ ಬರೆದಿಡಬೇಕು, ಆಮೇಲೆ ವೈದ್ಯರೇ ಬಿಚ್ಚಬೇಕು. ಇದು ಗೊತ್ತಿಲ್ಲದಿದ್ದರೆ ಆ ದುಡ್ಡಿನಲ್ಲಿ ಒಂದು ದಿನದ ಪ್ರಥಮ ಚಿಕಿತ್ಸೆ ತರಬೇತಿಗೆ ಹೋಗಿ ಬನ್ನಿ, ಆಮೇಲೆ ಟೂರ್ನಿಕೆಟ್ ಕೊಳ್ಳಿ.

ಇನ್ನು ಎಲ್ಲಿ ಇಡುತ್ತೀರಿ ಅನ್ನುವುದು. ಮನೆಯ ಕಪಾಟು, ಕಾರಿನ ಡಿಕ್ಕಿ, ಬೆನ್ನಿನ ಬ್ಯಾಗು, ಈ ಮೂರಕ್ಕೂ ಒಂದೇ ಕಿಟ್ ಆಗುವುದಿಲ್ಲ.

ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ವರ್ಷಕ್ಕೆ ಎರಡು ಸಲ ಅದನ್ನು ತೆರೆದು ನೋಡುವವರು ಯಾರು? ಒಬ್ಬರ ಹೆಸರು ಹೇಳಲು ಆಗಬೇಕು. "ಎಲ್ಲರೂ ನೋಡ್ತೀವಿ" ಅಂದರೆ ಯಾರೂ ನೋಡುವುದಿಲ್ಲ.

ಸಣ್ಣ ರೆಡಿಮೇಡ್ ಕಿಟ್

ಜಿಪ್ ಇರುವ ಸಣ್ಣ ಚೀಲ, ಮೇಲೆ ದೊಡ್ಡ ಅಕ್ಷರದಲ್ಲಿ ವಸ್ತುಗಳ ಸಂಖ್ಯೆ. ಕಡಿಮೆ ಬೆಲೆ, ಇವತ್ತೇ ಸಿಗುತ್ತದೆ, ಏನೂ ಯೋಚಿಸಬೇಕಾಗಿಲ್ಲ. ಇದುವರೆಗೆ ಏನೂ ಇಲ್ಲದವರಿಗೆ ಇದು ಕೂಡ ದೊಡ್ಡ ಹೆಜ್ಜೆಯೇ, ಅದನ್ನು ನಾನು ಹೀಗಳೆಯುವುದಿಲ್ಲ.

ಆದರೆ ಆ ಸಂಖ್ಯೆಯನ್ನು ಬಿಡಿಸಿ ನೋಡಿ. 200 ವಸ್ತು ಅಂತ ಬರೆದ ಕಿಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಸಣ್ಣ ಪ್ಲಾಸ್ಟರ್‌ಗಳು, ಆಮೇಲೆ ಸ್ಪಿರಿಟ್ ಒರೆಸುಗಳು, ಹತ್ತಿ ಸುತ್ತಿದ ಕಡ್ಡಿಗಳು, ಸೇಫ್ಟಿ ಪಿನ್ನುಗಳು. ಪಿನ್ನನ್ನೂ ಒಂದೊಂದಾಗಿ ಎಣಿಸಿರುತ್ತಾರೆ. ಕೈ ಆಳವಾಗಿ ಕೊಯ್ದು ರಕ್ತ ಸುರಿಯುತ್ತಿದ್ದರೆ ಬೇಕಾಗುವುದು ಅಂಗೈ ಅಗಲದ ದಪ್ಪ ಗಾಜ್ ಪ್ಯಾಡ್ ಮತ್ತು ಅದನ್ನು ಒತ್ತಿ ಕಟ್ಟಲು ಉದ್ದನೆಯ ಪಟ್ಟಿ. ಅವು ಇಂಥ ಕಿಟ್‌ನಲ್ಲಿ ಒಂದೋ ಎರಡೋ ಇರುತ್ತವೆ, ಕೆಲವದರಲ್ಲಿ ಇರುವುದೇ ಇಲ್ಲ. ಕತ್ತರಿ ಕಾಗದ ಕತ್ತರಿಸಲೂ ಒದ್ದಾಡುತ್ತದೆ, ಚಿಮಟದ ತುದಿಗಳು ಒಂದಕ್ಕೊಂದು ಕೂಡುವುದಿಲ್ಲ. ಮುಳ್ಳು ತೆಗೆಯಲು ಹೋದಾಗ ಅದು ಗೊತ್ತಾಗುತ್ತದೆ.

ನೋಡಿಕೊಳ್ಳುವ ಲೆಕ್ಕದಲ್ಲೂ ಇದು ಸ್ವಲ್ಪ ಹಿಂದೆ. ಒಳಗಿನ ಪ್ಯಾಕೆಟ್‌ಗಳ ಮೇಲೆ ಹಲವು ಸಲ ತಾರೀಖೇ ಕಾಣುವುದಿಲ್ಲ, ಜಾಗ ಬಿಗಿಯಾಗಿರುವುದರಿಂದ ದೊಡ್ಡ ಪ್ಯಾಡ್ ತಂದರೂ ಹಿಡಿಸುವುದಿಲ್ಲ. ಹಾಸ್ಟೆಲ್‌ನಲ್ಲಿ ಒಬ್ಬರೇ ಇರುವವರಿಗೆ, ಕೈಚೀಲದಲ್ಲಿ ಇಟ್ಟುಕೊಂಡು ಓಡಾಡುವವರಿಗೆ ಸಾಕು. ಸಂಸಾರಕ್ಕೆ ಇದೊಂದೇ ಸಾಲದು.

ಮಾನದಂಡದ ಪ್ರಕಾರ ಮಾಡಿದ ಕಿಟ್

ಕೆಲವು ಕಿಟ್‌ಗಳ ಮೇಲೆ ಒಂದು ಮಾನದಂಡದ ಸಂಖ್ಯೆ ಇರುತ್ತದೆ. ಅಮೆರಿಕದಲ್ಲಿ ಕೆಲಸದ ಜಾಗಗಳಿಗೆ ಎಎನ್‌ಎಸ್‌ಐ/ಐಎಸ್‌ಇಎ ಜೆಡ್308.1, ಬ್ರಿಟನ್‌ನಲ್ಲಿ ಬಿಎಸ್ 8599-1, ಜರ್ಮನಿಯಲ್ಲಿ ಕಾರುಗಳಿಗೆ ಡಿಐಎನ್ 13164. ಯಾವ ವಸ್ತು ಎಷ್ಟು ಇರಬೇಕು, ಯಾವ ಅಳತೆಯದ್ದಿರಬೇಕು ಅಂತ ಇವು ಹೇಳುತ್ತವೆ, ಹಾಗಾಗಿ ಸಂಖ್ಯೆ ತೋರಿಸಿ ಮರುಳು ಮಾಡುವ ದಾರಿ ಇಲ್ಲಿ ಮುಚ್ಚಿರುತ್ತದೆ. ಅಮೆರಿಕದ ಮಾನದಂಡದಲ್ಲಿ ಎ ಮತ್ತು ಬಿ ಅಂತ ಎರಡು ವರ್ಗ ಇವೆ. ಎ ವರ್ಗ ಸಾಮಾನ್ಯ ಗಾಯಗಳಿಗೆ. ಬಿ ವರ್ಗದಲ್ಲಿ ಪ್ರಮಾಣ ಹೆಚ್ಚು, ಜೊತೆಗೆ ಟೂರ್ನಿಕೆಟ್ ಮತ್ತು ಮೂಳೆ ಮುರಿದಾಗ ಆಸರೆಗೆ ಕಟ್ಟುವ ಸ್ಪ್ಲಿಂಟ್ ಕೂಡ ಇರುತ್ತವೆ. ಈ ಪಟ್ಟಿಗಳು ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತವೆ: ಜರ್ಮನಿಯವರು 2022ರಲ್ಲಿ ಕಾರಿನ ಕಿಟ್‌ಗೆ ಎರಡು ಮಾಸ್ಕ್ ಸೇರಿಸಿದರು, ಕೈ ತೂಗುಹಾಕಲು ಕಟ್ಟುವ ಎರಡು ತ್ರಿಕೋನ ಬಟ್ಟೆಗಳಲ್ಲಿ ಒಂದನ್ನು ಬಿಟ್ಟರು.

ಹಾಗಾದರೆ ಇದನ್ನೇ ಕೊಂಡರೆ ಮುಗಿಯಿತಲ್ಲ? ಪೂರ್ತಿ ಅಲ್ಲ. ಇವುಗಳಲ್ಲಿ ಹೆಚ್ಚಿನವು ಕಚೇರಿ, ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಅಲ್ಲಿ ಒಬ್ಬರಿಗೊಬ್ಬರು ಮಾತ್ರೆ ಕೊಡುವುದು ಅಪಾಯ ಅಂತ ಮಾತ್ರೆಗಳನ್ನು ಹೊರಗಿಡುತ್ತಾರೆ. ಬ್ರಿಟನ್‌ನಲ್ಲಿ ಕೆಲಸದ ಜಾಗದ ಕಿಟ್‌ನಲ್ಲಿ ಮಾತ್ರೆ, ಔಷಧಿ ಇಡಬೇಡಿ ಅಂತಲೇ ಸಲಹೆ ಇದೆ. ಮನೆಗೆ ತಂದವರು "ಇಷ್ಟು ಕೊಟ್ಟರೂ ಜ್ವರದ ಮಾತ್ರೆ ಇಲ್ಲ, ಥರ್ಮಾಮೀಟರ್ ಇಲ್ಲ" ಅಂತ ಬೇಜಾರಾಗುವುದು ಅದಕ್ಕೇ. ಬೆಲೆಯೂ ಜಾಸ್ತಿ. ಅಂಗಡಿ, ಶಾಲೆ, ಕಚೇರಿ ನಡೆಸುವವರು ಬೇರೆ ಯೋಚನೆ ಮಾಡದೆ ಇದನ್ನು ತೆಗೆದುಕೊಳ್ಳಲಿ, ನಿಮ್ಮಲ್ಲಿ ಕಾನೂನು ಏನು ಕೇಳುತ್ತದೆ ಅಂತ ಮೊದಲು ನೋಡಿಕೊಂಡು. ಮನೆಯವರಿಗೆ ಇದು ಒಳ್ಳೆಯ ಅಡಿಪಾಯ, ಮೇಲಿನದ್ದನ್ನು ನೀವು ಕಟ್ಟಬೇಕು.

ಒಂದು ಎಚ್ಚರಿಕೆ. ಡಬ್ಬಿಯ ಮೇಲಿನ ಕೆಂಪು ಕ್ರಾಸ್ ಗುಣಮಟ್ಟದ ಮುದ್ರೆ ಅಲ್ಲ. ಆ ಲಾಂಛನ ಜಿನೀವಾ ಒಪ್ಪಂದಗಳ ಪ್ರಕಾರ ಸೇನೆಯ ವೈದ್ಯಕೀಯ ಸೇವೆಗೆ ಮತ್ತು ರೆಡ್ ಕ್ರಾಸ್ ಸಂಸ್ಥೆಗಳಿಗೆ ಮೀಸಲು. ಪ್ರಥಮ ಚಿಕಿತ್ಸೆಗೆ ಅಂತರರಾಷ್ಟ್ರೀಯ ಗುರುತು ಹಸಿರು ಹಿನ್ನೆಲೆಯ ಬಿಳಿ ಕ್ರಾಸ್. ಯಾವುದಿದ್ದರೂ ಅದು ಒಳಗೇನಿದೆ ಅಂತ ಹೇಳುವುದಿಲ್ಲ, ಪಟ್ಟಿಯನ್ನೇ ಓದಬೇಕು.

ನೀವೇ ಜೋಡಿಸುವ ಡಬ್ಬಿ

ನನಗೆ ಮೆಚ್ಚಿನದು ಇದು, ಆದರೆ ಎಲ್ಲರಿಗೂ ಹೇಳುವುದಿಲ್ಲ. ಲಾಭ ಸ್ಪಷ್ಟ: ಬೇಕಾದ್ದು ಬೇಕಾದಷ್ಟೇ ಇರುತ್ತದೆ, ಪ್ರತಿಯೊಂದೂ ನಿಮಗೆ ಗೊತ್ತಿರುತ್ತದೆ, ಖಾಲಿಯಾದ ಒಂದನ್ನು ಮಾತ್ರ ಔಷಧಿ ಅಂಗಡಿಯಿಂದ ತಂದು ತುಂಬಬಹುದು. ಕತ್ತರಿ, ಚಿಮಟ, ಥರ್ಮಾಮೀಟರ್ ಒಳ್ಳೆಯದನ್ನೇ ಆರಿಸಬಹುದು. ದುಡ್ಡು ಒಂದೇ ಸಲ ಬೇಡ, ವಾರಕ್ಕೊಂದು ವಸ್ತು ತಂದರೂ ಆಗುತ್ತದೆ.

ಕಷ್ಟ ಏನು? ಬಿಡಿಯಾಗಿ ಕೊಂಡರೆ ಕೆಲವು ವಸ್ತುಗಳು ದೊಡ್ಡ ಪೆಟ್ಟಿಗೆಯಲ್ಲೇ ಸಿಗುತ್ತವೆ. ಕೈಗವಸು ಎರಡು ಜೊತೆ ಸಾಕು, ಆದರೆ 100ರ ಪೆಟ್ಟಿಗೆ ಕೊಡುತ್ತಾರೆ. ಎಲ್ಲ ಸೇರಿದರೆ ರೆಡಿಮೇಡ್‌ಗಿಂತ ದುಬಾರಿಯೂ ಆಗಬಹುದು. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಅರ್ಧಕ್ಕೆ ನಿಲ್ಲುವುದು: ಪ್ಲಾಸ್ಟರ್, ಮುಲಾಮು, ಮಾತ್ರೆ ತಂದು "ಉಳಿದದ್ದು ಮುಂದಿನ ವಾರ" ಅಂದವರ ಡಬ್ಬಿ ವರ್ಷಗಟ್ಟಲೆ ಹಾಗೇ ಇರುತ್ತದೆ. ಪಟ್ಟಿ ಬರೆದು ಅದರ ಪ್ರಕಾರ ಕೊಂಡು ಮುಗಿಸುವ ಸ್ವಭಾವ ನಿಮ್ಮದಾದರೆ ಮಾತ್ರ ಈ ದಾರಿ ಹಿಡಿಯಿರಿ. ಹಾಗೆ ಜೋಡಿಸಿಕೊಳ್ಳುವ ಇಬ್ಬರು ಮೂವರು ಸ್ನೇಹಿತರು ಸೇರಿ ಕೊಂಡು ಹಂಚಿಕೊಂಡರೆ ಆ ದೊಡ್ಡ ಪೆಟ್ಟಿಗೆಯ ತೊಂದರೆಯೂ ಕಳೆಯುತ್ತದೆ.

ನಡುವಿನ ದಾರಿ

ಹೆಚ್ಚಿನ ಮನೆಗಳಿಗೆ ನಾನು ಹೇಳುವುದು ಇದು. ಒಂದು ಸಾಧಾರಣ ರೆಡಿಮೇಡ್ ಕಿಟ್ ಕೊಳ್ಳಿ, ಆದರೆ ಅದರ ಅಳತೆಗಿಂತ ದೊಡ್ಡ ಡಬ್ಬಿ ಇರಲಿ. ಅದೇ ದಿನ ಅದರಲ್ಲಿಲ್ಲದ್ದನ್ನು ತಂದು ಸೇರಿಸಿ. "ಅದೇ ದಿನ" ಅನ್ನುವುದು ಸುಮ್ನೆ ಹೇಳಿದ್ದಲ್ಲ, ಡಬ್ಬಿ ಕಪಾಟಿಗೆ ಹೋದ ಮೇಲೆ ಯಾರೂ ಸೇರಿಸುವುದಿಲ್ಲ.

ಏನು ಸೇರಿಸಬೇಕು? 10 ಸೆಂಟಿಮೀಟರ್ ಅಗಲದ ಶುದ್ಧೀಕರಿಸಿದ ಗಾಜ್ ಪ್ಯಾಡ್‌ಗಳು, ಒಂದೊಂದು ಬೇರೆ ಬೇರೆ ಪ್ಯಾಕೆಟ್‌ನಲ್ಲಿ, ಹತ್ತಾದರೂ ಇರಲಿ. ರಕ್ತ ಸುರಿಯುವ ಗಾಯಕ್ಕೆ ಇದನ್ನಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಹತ್ತು ನಿಮಿಷ, ನಡುನಡುವೆ ಎತ್ತಿ ನೋಡದೆ. ನೆನೆದರೆ ಅದನ್ನು ತೆಗೆಯದೆ ಮೇಲೆ ಇನ್ನೊಂದು ಇಡಬೇಕು, ಅದಕ್ಕೇ ಅಷ್ಟು ಬೇಕು ಅನ್ನುವುದು. ಸುತ್ತುವ ಪಟ್ಟಿ ಎರಡು ಅಗಲದವು. ಉಳುಕಿಗೆ ಕ್ರೇಪ್ ಬ್ಯಾಂಡೇಜ್, ಅಂದರೆ ಎಳೆದರೆ ಹಿಗ್ಗುವ ಪಟ್ಟಿ, ಒಂದು. ಎರಡು ಜೊತೆ ಕೈಗವಸು, ನೈಟ್ರೈಲ್ ಅನ್ನುವ ಕೃತಕ ರಬ್ಬರಿನದ್ದು. ಲ್ಯಾಟೆಕ್ಸ್, ಅಂದರೆ ಸಹಜ ರಬ್ಬರ್, ಕೆಲವರಿಗೆ ಅಲರ್ಜಿ. ತುದಿ ಮೊಂಡಾಗಿರುವ ಗಟ್ಟಿ ಕತ್ತರಿ, ಬಟ್ಟೆ ಕತ್ತರಿಸಿ ಗಾಯ ನೋಡಲು.

ತ್ರಿಕೋನ ಬಟ್ಟೆಯನ್ನು ಜನ ಹಳೇ ಕಾಲದ್ದು ಅಂತ ಬಿಡುತ್ತಾರೆ, ನಾನು ಬಿಡುವುದಿಲ್ಲ. ಕೈ ತೂಗುಹಾಕಲು, ತಲೆಗೆ ಕಟ್ಟಲು, ಮುರಿದ ಕಾಲಿಗೆ ಆಸರೆ ಬಿಗಿಯಲು, ಎಲ್ಲಕ್ಕೂ ಅದೊಂದೇ ಸಾಕು. ಇದನ್ನು ಎಲ್ಲೆಡೆ ಬಳಕೆಗೆ ತಂದವರು 19ನೇ ಶತಮಾನದ ಜರ್ಮನ್ ಸೇನಾ ಶಸ್ತ್ರವೈದ್ಯ ಫ್ರೀಡ್ರಿಕ್ ಫಾನ್ ಎಸ್ಮಾರ್ಕ್, ಕಟ್ಟುವ ವಿಧಾನಗಳ ಚಿತ್ರವನ್ನು ಬಟ್ಟೆಯ ಮೇಲೇ ಅಚ್ಚು ಹಾಕಿಸಿದ್ದರು. ಗಾಬರಿಯಲ್ಲಿ ಕೈ ನಡುಗುವಾಗ ಪುಸ್ತಕ ಯಾರು ತೆರೆಯುತ್ತಾರೆ? ಈಗಲೂ ಚಿತ್ರ ಅಚ್ಚಾಗಿರುವ ಬಟ್ಟೆ ಸಿಕ್ಕರೆ ಅದನ್ನೇ ತನ್ನಿ.

ಔಷಧಿಗಳ ಮಾತು ಬೇರೆ. ಪ್ಯಾರಾಸಿಟಮಾಲ್ ಇರಲಿ. ಆರೋಗ್ಯವಂತ ದೊಡ್ಡವರಿಗೂ 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು, ಅಂದರೆ 500 ಮಿಲಿಗ್ರಾಂನ ಎಂಟು ಮಾತ್ರೆ, ಮತ್ತು ನೆಗಡಿಯ ಹಲವು ಮಾತ್ರೆಗಳಲ್ಲಿ ಇದೇ ಸೇರಿರುತ್ತದೆ ಅನ್ನುವುದನ್ನು ಮರೆಯಬೇಡಿ. ಮಕ್ಕಳಿಗೆ ಡೋಸ್ ತೂಕದ ಮೇಲೆ, ಅದನ್ನು ಮೊದಲೇ ವೈದ್ಯರಿಂದ ಕೇಳಿ ಬರೆದಿಡಿ. 16 ವರ್ಷದೊಳಗಿನವರಿಗೆ ವೈದ್ಯರು ಹೇಳದೆ ಆಸ್ಪಿರಿನ್ ಕೊಡಬೇಡಿ, ರೈ ಸಿಂಡ್ರೋಮ್ ಅನ್ನುವ ಅಪರೂಪದ ಆದರೆ ಮಿದುಳು, ಯಕೃತ್ತಿಗೆ ಹೊಡೆಯುವ ಕಾಯಿಲೆಯ ಅಪಾಯ ಇದೆ. ವಾಂತಿ-ಭೇದಿಗೆ ಓಆರ್‌ಎಸ್ ಪುಡಿ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಅಂತ ಬರೆದಿರುವುದನ್ನೇ ತನ್ನಿ, ಹೆಸರು ಹೋಲುವ ಸಿಹಿ ಪಾನೀಯಗಳು ಅದಲ್ಲ. ಪ್ಯಾಕೆಟ್ ಮೇಲೆ ಎಷ್ಟು ನೀರು ಹೇಳಿದೆಯೋ ಅಷ್ಟರಲ್ಲೇ ಕಲಸಿ, ಒಂದು ದಿನ ಕಳೆದರೆ ಚೆಲ್ಲಿ.

ಥರ್ಮಾಮೀಟರ್ ಡಿಜಿಟಲ್ ಇರಲಿ. ಪಾದರಸದ್ದು ಒಡೆದರೆ ವಿಷ, ಪಾದರಸದ ಬಳಕೆ ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದದಲ್ಲಿ ಅದರ ತಯಾರಿಕೆಗೆ 2020ರ ಗಡುವು ಹಾಕಿದ್ದೂ ಅದಕ್ಕೇ. ಡಿಜಿಟಲ್‌ನ ಬಟನ್ ಬ್ಯಾಟರಿ ಮಕ್ಕಳು ನುಂಗಿದರೆ ಗಂಟಲು ಸುಡುತ್ತದೆ, ಮುಚ್ಚಳ ಭದ್ರ ಇದೆಯೇ ನೋಡಿ.

ದುಡ್ಡು ಎಲ್ಲಿ ಉಳಿಸಬಹುದು

ಸಾಕಷ್ಟು ವಸ್ತುಗಳಿಗೆ ಸುಮ್ನೆ ಖರ್ಚು ಮಾಡುತ್ತೇವೆ. ಹಾವು ಕಚ್ಚಿದ ಜಾಗ ಕೊಯ್ದು ವಿಷ ಹೀರುವ ಪಂಪ್ ಬೇಡವೇ ಬೇಡ. ಅದು ವಿಷ ತೆಗೆಯುವುದಿಲ್ಲ, ಗಾಯ ಹೆಚ್ಚಿಸುತ್ತದೆ, ಆಸ್ಪತ್ರೆಗೆ ಹೋಗುವ ಹೊತ್ತನ್ನು ತಿನ್ನುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರಿಸುತ್ತದೆ, ಜೊತೆಗೆ ಮಾಯುವ ಅಂಗಾಂಶವನ್ನೂ ಸುಡುತ್ತದೆ. ಸಾಮಾನ್ಯ ಗಾಯ ತೊಳೆಯಲು ಕುಡಿಯುವಂಥ ಶುದ್ಧ ನೀರು ಸಾಕು. ಗಾಯದ ಮೇಲೆ ನೇರವಾಗಿ ಹತ್ತಿ ಇಡಬಾರದು, ಎಳೆ ಅಂಟಿಕೊಳ್ಳುತ್ತದೆ. ಹಾಗಾಗಿ ದೊಡ್ಡ ಹತ್ತಿ ಸುರುಳಿಯ ಜಾಗದಲ್ಲಿ ಗಾಜ್ ತುಂಬಿ.

ಸುಟ್ಟಗಾಯದ ಜೆಲ್ ಇಲ್ಲದಿದ್ದರೂ ನಡೆಯುತ್ತದೆ. ಸುಟ್ಟ ಕೂಡಲೇ ಹರಿಯುವ ತಣ್ಣೀರು, 20 ನಿಮಿಷ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ. ಆಮೇಲೆ ಅಂಟದ ಪಟ್ಟಿ, ಅದಿಲ್ಲದಿದ್ದರೆ ಆಹಾರ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಮುಚ್ಚಿದರೂ ಆಗುತ್ತದೆ. ಜೆಲ್ ಅರ್ಥ ಇರುವುದು ನೀರು ಸಿಗದ ಕಡೆ, ಅಂದರೆ ಕಾರಿನಲ್ಲಿ, ಚಾರಣದಲ್ಲಿ.

ಉಳಿಸಬಾರದ ಕಡೆ ಉಳಿಸಬೇಡಿ. ಟೂರ್ನಿಕೆಟ್ ಕೊಂಡರೆ ಅಸಲಿಯದ್ದೇ ಕೊಳ್ಳಿ. ಹೆಸರಾದ ಮಾದರಿಗಳ ಅಗ್ಗದ ನಕಲುಗಳ ತಿರುಚುವ ಕಡ್ಡಿ ಬಿಗಿಯುವಾಗಲೇ ಮುರಿಯುತ್ತದೆ. ಕೈ ತೀರಾ ಬಿಗಿ ಇರುವವರು ಮೊದಲು ಗಾಜ್, ಪಟ್ಟಿ, ಟೇಪ್, ಕೈಗವಸು, ಕತ್ತರಿ ಕೊಳ್ಳಲಿ. ಇಷ್ಟರಲ್ಲೇ ಹೆಚ್ಚಿನ ಗಾಯಗಳನ್ನು ಆಸ್ಪತ್ರೆಯವರೆಗೆ ಹಿಡಿದು ನಿಲ್ಲಿಸಬಹುದು.

ಡಬ್ಬಿ ಯಾವುದು, ಇಡುವುದು ಎಲ್ಲಿ

ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಒಳಗಿನದನ್ನು ನೀರು, ಧೂಳಿನಿಂದ ಕಾಯುತ್ತದೆ, ಪಾರದರ್ಶಕವಾಗಿದ್ದರೆ ಏನು ಕಡಿಮೆ ಆಗಿದೆ ಅಂತ ತೆರೆಯದೇ ಕಾಣುತ್ತದೆ. ಬಟ್ಟೆಯ ಚೀಲ ಹಗುರ, ಅರೆಗಳಿರುತ್ತವೆ, ಹೊರಗೆ ಒಯ್ಯಲು ಒಳ್ಳೆಯದು, ಆದರೆ ಒದ್ದೆಯಾದರೆ ಕಷ್ಟ. ಗೋಡೆಗೆ ಹೊಡೆಯುವ ಪೆಟ್ಟಿಗೆ ಕಚೇರಿಗೆ ಸರಿ, ಗಾಯಗೊಂಡವರ ಹತ್ತಿರ ಒಯ್ಯಲು ಬರಬೇಕು ಅನ್ನುವುದನ್ನು ನೋಡಿಕೊಳ್ಳಿ.

ಬಚ್ಚಲುಮನೆಯ ಕಪಾಟಿನಲ್ಲಿ ಇಡುವವರು ಬಹಳ. ಹಬೆ, ತೇವ ಎರಡೂ ಮಾತ್ರೆ ಮತ್ತು ಅಂಟಿಗೆ ಶತ್ರು. ಒಲೆಯ ಮೇಲಿನ ಕಪಾಟೂ ಬೇಡ. ತಂಪಾದ, ಒಣ ಜಾಗ, ಎಲ್ಲರಿಗೂ ಗೊತ್ತಿರುವ ಜಾಗ. ಇಲ್ಲಿ ಮಕ್ಕಳಿರುವ ಮನೆಯವರಿಗೆ ಒಂದು ಇಕ್ಕಟ್ಟು ಬರುತ್ತದೆ: ಬೀಗ ಹಾಕಿದರೆ ಅವಸರಕ್ಕೆ ಸಿಗುವುದಿಲ್ಲ, ಹಾಕದಿದ್ದರೆ ಮಕ್ಕಳ ಕೈಗೆ ಮಾತ್ರೆ ಸಿಗುತ್ತದೆ. ಎರಡು ಡಬ್ಬಿ ಮಾಡಿಬಿಡಿ. ಪಟ್ಟಿ, ಪ್ಲಾಸ್ಟರ್ ಇರುವುದು ಕೈಗೆಟಕುವ ಕಡೆ, ದೊಡ್ಡ ಮಕ್ಕಳಿಗೂ ತೋರಿಸಿಡಿ. ಮಾತ್ರೆ, ಬ್ಯಾಟರಿ, ಕತ್ತರಿ ಇರುವುದು ಎತ್ತರದಲ್ಲಿ, ಬೀಗದೊಳಗೆ.

ಬಿಸಿಲಲ್ಲಿ ನಿಂತ ಕಾರಿನ ಒಳಗೆ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಹೆಚ್ಚಿನ ಮಾತ್ರೆಗಳ ಮೇಲೆ 25 ಅಥವಾ 30 ಡಿಗ್ರಿಗಿಂತ ಕೆಳಗೆ ಇಡಿ ಅಂತ ಬರೆದಿರುತ್ತದೆ. ಹಾಗಾಗಿ ಕಾರಿನ ಕಿಟ್‌ನಲ್ಲಿ ಪಟ್ಟಿ, ಕೈಗವಸು, ಕತ್ತರಿ, ಬೆಚ್ಚಗಿಡುವ ಹಾಳೆ, ಬಾಯಿಂದ ಉಸಿರು ಕೊಡುವಾಗ ಬಳಸುವ ಸಿಪಿಆರ್ ಮಾಸ್ಕ್ ಇರಲಿ, ಔಷಧಿ ಬೇಡ. ಅಡ್ರಿನಲಿನ್ ಇಂಜೆಕ್ಷನ್ನನ್ನಂತೂ ಕಾರಿನಲ್ಲೂ ಬಿಡಬಾರದು, ಫ್ರಿಜ್‌ನಲ್ಲೂ ಇಡಬಾರದು, ಅದು ಯಾರಿಗೆ ಬೇಕೋ ಅವರ ಜೊತೆಯಲ್ಲೇ ಇರಬೇಕು. ಚಾರಣಕ್ಕೆ ಹೋಗುವವರು ತೂಕ ನೋಡಿ ಜಾಸ್ತಿ ಬಿಡುತ್ತಾರೆ. ಕಾಲಿನ ಬೊಬ್ಬೆಗೆ ಅಂಟಿಸುವ ಮೆತ್ತನೆಯ ಹೈಡ್ರೋಕಲಾಯ್ಡ್ ಪಟ್ಟಿ, ಕ್ರೇಪ್ ಬ್ಯಾಂಡೇಜ್, ಓಆರ್‌ಎಸ್ ಮಾತ್ರ ಬಿಡಬೇಡಿ.

ನೋಡಿಕೊಳ್ಳುವುದು

ಮುಚ್ಚಳದ ಒಳಮೈಗೆ ಒಂದು ಕಾಗದ ಅಂಟಿಸಿ. ವಸ್ತು, ಎಷ್ಟು ಇರಬೇಕು, ಅವಧಿ ಯಾವಾಗ. ಬೇಗ ಮುಗಿಯುವುದು ಮೇಲೆ. ಅದರ ಕೆಳಗೆ ತುರ್ತು ಸಂಖ್ಯೆ, ಮನೆಯವರ ಅಲರ್ಜಿ, ದಿನವೂ ತೆಗೆದುಕೊಳ್ಳುವ ಔಷಧಿ. ಇಷ್ಟಿದ್ದರೆ ಪರಿಶೀಲನೆ ಹತ್ತು ನಿಮಿಷದ ಕೆಲಸ, ಇಲ್ಲದಿದ್ದರೆ ಪ್ರತಿ ಪ್ಯಾಕೆಟ್ ತಿರುಗಿಸಿ ತಾರೀಖು ಹುಡುಕಬೇಕು, ಆಮೇಲೆ ಯಾರೂ ಮಾಡುವುದಿಲ್ಲ. ಪ್ಯಾಕೆಟ್ ಮೇಲೆ ತಿಂಗಳು, ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಅಂತ ಅರ್ಥ.

ಮಾತ್ರೆಯ ಪಟ್ಟಿಯನ್ನು ಹೆಸರು, ತಾರೀಖು ಇರುವ ತುದಿಯಿಂದ ಕತ್ತರಿಸಬೇಡಿ, ಇನ್ನೊಂದು ತುದಿಯಿಂದ ಬಳಸುತ್ತಾ ಬನ್ನಿ. ಬಿಡಿ ಮಾತ್ರೆ ಇಡಲೇಬೇಡಿ. ಆಸ್ಪಿರಿನ್ ಕೆಟ್ಟರೆ ವಿನೆಗರ್ ವಾಸನೆ ಬರುತ್ತದೆ, ಹಾಗಾದರೆ ಅವಧಿ ಇದ್ದರೂ ಎಸೆಯಿರಿ. ಕಣ್ಣಿನ ಹನಿಗಳನ್ನು ತೆರೆದ ದಿನ ಬಾಟಲಿ ಮೇಲೆ ಬರೆಯಿರಿ, ಸಾಮಾನ್ಯವಾಗಿ ನಾಲ್ಕು ವಾರದ ಮೇಲೆ ಬಳಸುವ ಹಾಗಿಲ್ಲ.

ತಾರೀಖು ಇಲ್ಲದ್ದನ್ನು ಕೈಯಿಂದ ಪರೀಕ್ಷಿಸಿ. ಒಂದು ಪ್ಲಾಸ್ಟರ್ ಕೈಗೆ ಹಚ್ಚಿಕೊಂಡು ಸ್ವಲ್ಪ ಹೊತ್ತು ಓಡಾಡಿ, ಅಂಚು ಎದ್ದರೆ ಆ ಪೆಟ್ಟಿಗೆ ಬದಲಾಯಿಸಿ. ಕ್ರೇಪ್ ಬ್ಯಾಂಡೇಜ್ ಎಳೆದು ಬಿಡಿ, ವಾಪಸ್ ಕುಗ್ಗದಿದ್ದರೆ ಅದರ ಆಯಸ್ಸು ಮುಗಿದಿದೆ. ಕೈಗವಸು ಅಂಟಂಟಾಗಿದ್ದರೆ ಹಾಕಿಕೊಳ್ಳುವಾಗಲೇ ಹರಿಯುತ್ತದೆ. ಸ್ಪಿರಿಟ್ ಒರೆಸು ಒಳಗೇ ಒಣಗಿರುತ್ತದೆ, ಪ್ಯಾಕೆಟ್ ಹಿಸುಕಿದರೆ ತಿಳಿಯುತ್ತದೆ. ಗಾಜ್ ಪ್ಯಾಕೆಟ್ ಹರಿದಿದ್ದರೆ, ಒದ್ದೆಯಾಗಿ ಒಣಗಿದ ಕಲೆ ಇದ್ದರೆ ತಾರೀಖು ಏನೇ ಇರಲಿ ಅದು ಇನ್ನು ಶುದ್ಧ ಅಲ್ಲ. ಅಂಥದ್ದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ, ಮನೆಯವರೆಲ್ಲ ಕೂತು ಪಟ್ಟಿ ಕಟ್ಟಿ ನೋಡಿ. ಅವಧಿ ಮುಗಿದ ಔಷಧಿಯನ್ನು ಸಿಂಕಿಗೆ ಸುರಿಯಬೇಡಿ, ವಾಪಸ್ ತೆಗೆದುಕೊಳ್ಳುವ ಔಷಧಿ ಅಂಗಡಿ ಇದ್ದರೆ ಅಲ್ಲಿ ಕೊಡಿ.

ಯಾವುದಾದರೂ ವಸ್ತು ಬಳಸಿದರೆ ಮುಚ್ಚಳದ ಕಾಗದದಲ್ಲಿ ಆಗಲೇ ಗೆರೆ ಎಳೆಯಿರಿ, ಮುಂದಿನ ಸಲ ಅಂಗಡಿಗೆ ಹೋದಾಗ ತನ್ನಿ.

ಇನ್ನೂ ಎರಡು ಕಿಟ್‌ಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಎರಡರ ಪಟ್ಟಿಯನ್ನೂ ಬರೆದುಕೊಳ್ಳಿ. ಸಣ್ಣ ಪ್ಲಾಸ್ಟರ್, ಸ್ಪಿರಿಟ್ ಒರೆಸು, ಹತ್ತಿ ಕಡ್ಡಿ, ಪಿನ್ನು, ಇಷ್ಟನ್ನು ಹೊಡೆದುಹಾಕಿ. ಉಳಿದದ್ದರಲ್ಲಿ ದೊಡ್ಡ ಗಾಜ್ ಪ್ಯಾಡ್, ಸುತ್ತುಪಟ್ಟಿ, ತ್ರಿಕೋನ ಬಟ್ಟೆ, ಕೈಗವಸು, ಕತ್ತರಿ ಯಾವುದರಲ್ಲಿ ಹೆಚ್ಚಿದೆ ನೋಡಿ. ಅದರಲ್ಲೂ ಸಮ ಬಂದರೆ ಒಳಗೆ ಖಾಲಿ ಜಾಗ ಹೆಚ್ಚಿರುವುದನ್ನು, ಮತ್ತು ಖಾಲಿಯಾದದ್ದನ್ನು ಆ ಕಂಪನಿಯ ಮರುತುಂಬಿಕೆ ಪ್ಯಾಕ್‌ಗೆ ಕಾಯದೆ ಮಾಮೂಲಿ ಔಷಧಿ ಅಂಗಡಿಯಲ್ಲೇ ಅದೇ ಅಳತೆಯಲ್ಲಿ ಕೊಳ್ಳಲು ಆಗುವುದನ್ನು ತೆಗೆದುಕೊಳ್ಳಿ.